ರಿಜಿಸ್ಟರಿನಲ್ಲಿ ಸೊನ್ನೆ ಬರೆದವಳು ನಾನೇ: ಮಂಡ್ಯ ಜಿಲ್ಲಾಧಿಕಾರಿಗಳಿಗೆ ಒಬ್ಬ ನರ್ಸ್ ಬರೆದ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ, ನಮ್ಮ ಜಿಲ್ಲೆಯಲ್ಲಿ ಆಸ್ಪತ್ರೆ, ನರ್ಸಿಂಗ್ ಹೋಂ, ಲ್ಯಾಬ್ ನಡೆಸುವ ಎಲ್ಲರಿಗೂ,

ನಮಸ್ಕಾರ.

ನಾನು ಮಂಡ್ಯದಲ್ಲಿ ಸ್ಟಾಫ್ ನರ್ಸ್. ಕೆಲಸಕ್ಕೆ ಸೇರಿ ಹದಿನೆಂಟು ವರ್ಷ ಆಯಿತು, ಎಲ್ಲಾ ಖಾಸಗಿ ಆಸ್ಪತ್ರೆಗಳಲ್ಲೇ. ಈಗಿರುವ ಕಡೆ ವಾರ್ಡ್ ಕೆಲಸದ ಜೊತೆಗೆ ಆಸ್ಪತ್ರೆ ಕಸದ ಲೆಕ್ಕ ಬರೆಯುವುದೂ ನನ್ನ ಪಾಲಿಗೆ ಬಂದಿದೆ. ಯಾವ ಬಣ್ಣದ ಚೀಲ ಎಷ್ಟು ಕೆಜಿ ಹೋಯಿತು, ಗಾಡಿ ಬಂತಾ ಇಲ್ವಾ, ಇದೆಲ್ಲ. ವರ್ಷಕ್ಕೊಂದು ಸಲ, ಜೂನ್ 30ರ ಒಳಗೆ, ಹಿಂದಿನ ವರ್ಷದ ವರದಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು. ಆ ಫಾರಂನಲ್ಲಿ ಒಂದು ಕಾಲಂ ಇದೆ. ವರ್ಷದಲ್ಲಿ ಎಷ್ಟು ಅಪಘಾತ ಆಯಿತು, ಎಷ್ಟು ಜನಕ್ಕೆ ತೊಂದರೆ ಆಯಿತು, ಅದಕ್ಕೆ ಏನು ಮಾಡಿದಿರಿ ಅಂತ.

ನಾಲ್ಕು ವರ್ಷ ನಾನು ಅಲ್ಲಿ ಸೊನ್ನೆ ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಅಂತ ಆಗ ಅನ್ನಿಸಲಿಲ್ಲ. ರಿಜಿಸ್ಟರ್ ತೆಗೆದು ನೋಡಿದೆ, ಖಾಲಿ ಇತ್ತು, ಸೊನ್ನೆ ಬರೆದೆ. ಆದರೆ ಆ ನಾಲ್ಕು ವರ್ಷದಲ್ಲಿ ನನಗೇ ಒಂದು ಸಲ ಸೂಜಿ ಚುಚ್ಚಿತ್ತು. ಅದನ್ನೂ ನಾನು ಬರೆದಿರಲಿಲ್ಲ.

ಆ ಸೊನ್ನೆಯ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕು ಅಂತಲೇ ಈ ಪತ್ರ.

ಕಳೆದ ವರ್ಷ ಮಳೆಗಾಲ. ನಮ್ಮಲ್ಲಿ ಗುಡಿಸಿ ಒರೆಸುವ ಕೆಲಸ ಕಂಟ್ರಾಕ್ಟ್‌ನವರದು. ಅವರಲ್ಲಿ ಐವತ್ತು ದಾಟಿದ ಒಬ್ಬ ಅಕ್ಕ ಇದ್ದಾರೆ. ಹೆಸರು ಬರೆಯುವುದಿಲ್ಲ. ಮದ್ದೂರು ಕಡೆಯ ಹಳ್ಳಿಯಿಂದ ಮೊದಲನೇ ಬಸ್ಸಿಗೆ ಬರುತ್ತಾರೆ, ನಾವು ನೈಟ್ ಡ್ಯೂಟಿ ಮುಗಿಸುವ ಹೊತ್ತಿಗೆ ಅವರ ಕೆಲಸ ಅರ್ಧ ಆಗಿರುತ್ತದೆ. ಅವತ್ತು ಟೀ ಕುಡಿಯುತ್ತಾ ಕೂತಿದ್ದೆವು. ಲೋಟ ಹಿಡಿದ ಅವರ ತೋರುಬೆರಳಿನ ತುದಿಗೆ ಬೆಳ್ಳಗೆ ಏನೋ ಮೆತ್ತಿತ್ತು. ಎಲೆಅಡಿಕೆಗೆ ಹಚ್ಚುವ ಸುಣ್ಣ.

"ಏನಕ್ಕಾ ಅದು?"

"ಏನಿಲ್ಲ ಕಣ್ ಸಿಸ್ಟ್ರೇ. ಚೀಲ ಕಟ್ಟುವಾಗ ಸೂಜಿ ಚುಚ್ತು. ಕಬ್ಬಿನ ಸೋಗೆ ಕುಯ್ಯಲ್ವಾ, ಹಂಗೇಯ."

"ಯಾವಾಗ?"

"ಸೋಮವಾರ."

ಅವತ್ತು ಶುಕ್ರವಾರ.

ನಾನು ಮನಸ್ಸಿನಲ್ಲೇ ಗಂಟೆ ಲೆಕ್ಕ ಹಾಕಿದೆ. ಸೋಮವಾರ ಬೆಳಗ್ಗೆ ಆರರಿಂದ ಗುರುವಾರ ಬೆಳಗ್ಗೆ ಆರಕ್ಕೆ 72 ಗಂಟೆ. ಅದು ಮುಗಿದು ಒಂದು ದಿನವೇ ಆಗಿತ್ತು.

ಈ 72 ಗಂಟೆ ಏನು ಅಂತ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಎಚ್‌ಐವಿ ಇರುವವರ ರಕ್ತ ತಾಗಿದ ಸೂಜಿ ಚುಚ್ಚಿದರೆ, ಸೋಂಕು ಬೇರೂರುವ ಮೊದಲೇ ತಡೆಯಲು ಮಾತ್ರೆ ಇದೆ. ನಾವು ಪೆಪ್ ಅಂತೀವಿ. ದಿನಕ್ಕೊಂದರಂತೆ 28 ದಿನ. ಅದನ್ನು ಆದಷ್ಟು ಬೇಗ, ಸಾಧ್ಯವಾದರೆ ಎರಡು ಗಂಟೆಯೊಳಗೇ ಶುರು ಮಾಡಬೇಕು. 72 ಗಂಟೆ ದಾಟಿದ ಮೇಲೆ ಕೊಡುವುದಿಲ್ಲ, ಕೊಟ್ಟು ಪ್ರಯೋಜನವೂ ಇಲ್ಲ. ಈಗಿನ ಮಾತ್ರೆಗಳು ಬರುವ ಮುಂಚೆ, ಹಳೆಯ ಒಂದೇ ಒಂದು ಔಷಧಿ ಇದ್ದ ಕಾಲದಲ್ಲೇ, ಅದನ್ನು ತಗೊಂಡ ಆರೋಗ್ಯ ಸಿಬ್ಬಂದಿಯಲ್ಲಿ ಸೋಂಕಿನ ಅಪಾಯ ನೂರಕ್ಕೆ 81 ಭಾಗ ಕಡಿಮೆ ಆಗಿತ್ತು ಅಂತ 1997ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತ್ತು. ಅಂದರೆ ಮದ್ದು ಇದೆ, ಸರ್ಕಾರ ಅದನ್ನು ಪುಕ್ಕಟೆ ಕೊಡುತ್ತದೆ. ಬೇಕಾಗಿರುವುದು ಒಂದೇ. ಚುಚ್ಚಿಸಿಕೊಂಡವರು ಅವತ್ತೇ ಬಾಯಿ ಬಿಟ್ಟು ಹೇಳಬೇಕು.

ಅಕ್ಕನನ್ನು ಕೇಳಿದೆ, ಅವತ್ತೇ ಯಾಕೆ ಹೇಳಲಿಲ್ಲ ಅಂತ. "ಹೇಳಿದ್ರೆ ನಾಳೆಯಿಂದ ಬರಬ್ಯಾಡ ಅಂದ್ಬುಟ್ರೆ?" ಅಂದರು. ಎರಡನೇ ಕಾರಣ ಸ್ವಲ್ಪ ಹೊತ್ತು ಬಿಟ್ಟು ಬಂತು. "ನಿಮ್ಮನ್ನೂ ಬೈತಾರೆ ಅಂತ."

ಅದು ನಿಜ. ಆ ಸೂಜಿ ಆ ಚೀಲದಲ್ಲಿ ಇರಲೇಬಾರದಿತ್ತು. ಹಳದಿ ಚೀಲ ರಕ್ತ ಮೆತ್ತಿದ ಹತ್ತಿ, ಗಾಜ್ ಬಟ್ಟೆಗೆ. ಸೂಜಿ, ಬ್ಲೇಡು, ಚುಚ್ಚುವ ಏನೇ ಆದರೂ ಚುಚ್ಚಿ ಹೊರಬರದ ಬಿಳಿ ಡಬ್ಬಕ್ಕೆ. 2016ರ ನಿಯಮ ಬಂದಾಗಿನಿಂದ ಎಲ್ಲ ವಾರ್ಡಿನ ಗೋಡೆ ಮೇಲೂ ಇದರ ಚಿತ್ರ ಅಂಟಿಸಿರುತ್ತಾರೆ. ಆದರೆ ರಾತ್ರಿ ಮೂರು ಗಂಟೆಗೆ ಒಬ್ಬಳೇ ಸಿಸ್ಟರ್ ಇಪ್ಪತ್ತು ಬೆಡ್ ನೋಡುತ್ತಿರುತ್ತಾಳೆ. ಒಂದು ಕಡೆ ಮಗು ಅಳುತ್ತಿರುತ್ತದೆ, ಇನ್ನೊಂದು ಕಡೆ ಡ್ರಿಪ್ ಮುಗಿದಿರುತ್ತದೆ. ನರಕ್ಕೆ ಡ್ರಿಪ್‌ನ ಕ್ಯಾನುಲಾ ಕೊಳವೆ ಹಾಕಿ ಒಳಗಿನ ಸೂಜಿ ಎಳೆದು ಟ್ರೇನಲ್ಲಿ ಹತ್ತಿಯ ಮೇಲೆ ಇಡುತ್ತಾಳೆ. ಬಿಳಿ ಡಬ್ಬ ಕಾರಿಡಾರಿನ ಆ ತುದಿಯಲ್ಲಿ. ಟ್ರೇ ಖಾಲಿ ಮಾಡುವಾಗ ಹತ್ತಿಯ ಜೊತೆ ಸೂಜಿಯೂ ಹಳದಿ ಚೀಲಕ್ಕೆ ಜಾರುತ್ತದೆ. ಬೆಳಗ್ಗೆ ಚೀಲದ ಬಾಯಿ ಬಿಗಿಯಾಗಿ ಕಟ್ಟೋಣ ಅಂತ ಅಕ್ಕ ಅಂಗೈಯಲ್ಲಿ ಒತ್ತಿದಾಗ ಅದು ಎದ್ದು ಬರುತ್ತದೆ. ಅವರು ಹಾಕಿದ್ದ ಗ್ಲೌಸ್ ನಮ್ಮ ತೆಳು ಗ್ಲೌಸೇ. ದಪ್ಪ ಗ್ಲೌಸ್ ಕೊಡಿ ಅಂತ ಕೇಳಿ ಕೇಳಿ ಅವರು ಬಿಟ್ಟಿದ್ದರು.

ಆ ಭಾನುವಾರ ರಾತ್ರಿ ಆ ವಾರ್ಡಿನಲ್ಲಿ ಯಾರು ಡ್ಯೂಟಿಯಲ್ಲಿದ್ದರು ಅಂತ ನಾನು ಹುಡುಕಲಿಲ್ಲ. ಹುಡುಕಿದ್ದರೆ ಒಬ್ಬಳಿಗೆ ಮೆಮೋ ಸಿಗುತ್ತಿತ್ತು. ಡಬ್ಬ ಅಲ್ಲೇ ಆ ತುದಿಯಲ್ಲೇ ಇರುತ್ತಿತ್ತು.

ಮುಂದೆ ಆಗಿದ್ದು ಕೇಳಿ. ಎಚ್‌ಐವಿಗೆ ಹೊತ್ತು ಮೀರಿದ್ದರೂ, ಲಿವರ್‌ಗೆ ತಗಲುವ ವೈರಸ್ ಸೋಂಕಾದ ಹೆಪಟೈಟಿಸ್ ಬಿಗೆ ಇನ್ನೂ ಹೊತ್ತು ಇತ್ತು. ನಿಜ ಹೇಳಬೇಕೆಂದರೆ ಸೂಜಿ ಚುಚ್ಚಿದಾಗ ಹೆಚ್ಚು ಹೆದರಬೇಕಾದ್ದು ಹೆಪಟೈಟಿಸ್ ಬಿಗೇ. ಜನ ಎಚ್‌ಐವಿ ಅಂದರೆ ನಡುಗುತ್ತಾರೆ. ಆದರೆ ಎಚ್‌ಐವಿ ಇರುವವರ ರಕ್ತದ ಸೂಜಿ ಸಾವಿರ ಸಲ ಚುಚ್ಚಿದರೆ ಸೋಂಕು ಹತ್ತುವುದು ಹೆಚ್ಚುಕಡಿಮೆ ಮೂರು ಸಲ. ಹೆಪಟೈಟಿಸ್ ಸಿ ನೂರಕ್ಕೆ ಎರಡಕ್ಕಿಂತ ಕಡಿಮೆ. ಹೆಪಟೈಟಿಸ್ ಬಿ ಮಾತ್ರ, ಲಸಿಕೆ ಹಾಕಿಸಿಕೊಳ್ಳದ ಮೈಗೆ, ನೂರಕ್ಕೆ ಆರರಿಂದ ಮೂವತ್ತು. ಆ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಜೀವ ಹಿಡಿದಿರುತ್ತದೆ. ಹಾಗಂತ ಅದು ಎದುರಿಸಲು ಆಗದ್ದೇನೂ ಅಲ್ಲ. ಮೂರು ಡೋಸ್ ಲಸಿಕೆ ಸಾಕು. ಮೊದಲ ದಿನ ಒಂದು, ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು. ಆಮೇಲೆ ಒಂದೆರಡು ತಿಂಗಳು ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ, ರಕ್ಷಣೆ ಬಂದಿದೆಯಾ ಅಂತ ನೋಡಿದರೆ ನಿಶ್ಚಿಂತೆ.

ಅಕ್ಕನಿಗೆ ಒಂದು ಡೋಸೂ ಆಗಿರಲಿಲ್ಲ. ಏಳು ವರ್ಷದಿಂದ ಆಸ್ಪತ್ರೆ ಕಸ ಎತ್ತುತ್ತಿರುವ ಹೆಂಗಸು!

ಲಸಿಕೆ ಆಗದವರಿಗೆ ಹೀಗಾದಾಗ ಲಸಿಕೆಯ ಜೊತೆಗೆ ಇಮ್ಯುನೊಗ್ಲೋಬ್ಯುಲಿನ್ ಅಂತ ಒಂದು ಇಂಜೆಕ್ಷನ್ ಕೊಡುತ್ತಾರೆ. 24 ಗಂಟೆಯೊಳಗೆ ಆದರೆ ಒಳ್ಳೆಯದು, ಏಳು ದಿನ ದಾಟಬಾರದು. ದುಬಾರಿ ಇಂಜೆಕ್ಷನ್. ಆಫೀಸಿನವರು ಇದು ಕಂಟ್ರಾಕ್ಟರ್ ಕೊಡಬೇಕು ಅಂದರು. ಕಂಟ್ರಾಕ್ಟರ್, ಆಸ್ಪತ್ರೆ ಒಳಗೆ ಆಗಿದ್ದು ಆಸ್ಪತ್ರೆಯವರೇ ಕೊಡಲಿ ಅಂದರು. ಹೀಗೇ ಶುಕ್ರವಾರ ಕಳೆಯಿತು, ಶನಿವಾರ ಕಳೆಯಿತು. ಭಾನುವಾರ ನಮ್ಮ ಡ್ಯೂಟಿ ಡಾಕ್ಟರ್ ಒಬ್ಬರು ತಮ್ಮ ಜೇಬಿನಿಂದ ದುಡ್ಡು ಕೊಟ್ಟು ತರಿಸಿದರು. ಆರನೇ ದಿನ ಸಂಜೆ ಅದು ಅಕ್ಕನ ತೊಡೆಗೆ ಹೋಯಿತು. ಆ ಡಾಕ್ಟರಿಗೆ ನಾನು ಸಾಯುವ ತನಕ ಋಣಿ. ಆದರೆ ಡಾಕ್ಟರು ಜೇಬಿಗೆ ಕೈ ಹಾಕಬೇಕಾಗಿ ಬಂದದ್ದು ಸರಿಯಾ?

ಆಮೇಲೆ ಆರು ತಿಂಗಳು ಕಾಯುವುದು. ಮೊದಲ ದಿನದ ರಕ್ತ ಪರೀಕ್ಷೆ, ಆರು ವಾರಕ್ಕೊಂದು, ಮೂರು ತಿಂಗಳಿಗೊಂದು, ಆರು ತಿಂಗಳಿಗೊಂದು. ಯಾರ ರಕ್ತದ ಸೂಜಿ ಅಂತ ಗೊತ್ತಿಲ್ಲದ್ದರಿಂದ ಎಲ್ಲದಕ್ಕೂ ನೋಡಬೇಕಾಯಿತು. ಮೂರನೇ ತಿಂಗಳಲ್ಲಿ ಒಂದು ದಿನ ಅಕ್ಕ ಹೇಳಿದರು. ಮೊಮ್ಮಗಳಿಗೆ ತನ್ನ ತಟ್ಟೆಯಿಂದ ಮುದ್ದೆ ತುತ್ತು ಕೊಡುವುದನ್ನು ನಿಲ್ಲಿಸಿದ್ದಾರಂತೆ. ಮಗು "ಅವ್ವಾ ನಂಗೆ" ಅಂತ ಬಾಯಿ ತೆರೆದರೆ, "ನಿಮ್ಮಮ್ಮನ್ ತಾವ ಹೋಗು" ಅಂತ ಕಳಿಸುತ್ತಾರಂತೆ. ಮನೆಯಲ್ಲಿ ಯಾರಿಗೂ ಕಾರಣ ಹೇಳಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ ಎಚ್‌ಐವಿಯೂ ಬರುವುದಿಲ್ಲ, ಹೆಪಟೈಟಿಸ್ ಬಿ, ಸಿ ಕೂಡ ಬರುವುದಿಲ್ಲ. ಈ ಒಂದು ಮಾತು ಮೊದಲನೇ ದಿನವೇ ಕೂರಿಸಿಕೊಂಡು ಹೇಳಬೇಕಿತ್ತು. ನಾನು ರಿಪೋರ್ಟು, ಡೋಸು ಅಂತ ಓಡಾಡಿದೆ, ಇದು ಮರೆತೇ ಹೋಗಿತ್ತು. ಅದು ನನ್ನ ತಪ್ಪು.

ಆರನೇ ತಿಂಗಳ ರಿಪೋರ್ಟ್ ಬಂತು. ಎಲ್ಲವೂ ನೆಗೆಟಿವ್. ಅಕ್ಕ ಕಾಗದವನ್ನು ಮಡಿಸಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು.

ಈಗ ನನ್ನ ವಿಷಯ. ಇದು ನಾನು ರಿಜಿಸ್ಟರಿಗೆ ಬರೆಯದೆ ಬಿಟ್ಟೆ ಅಂದೆನಲ್ಲ, ಅದಕ್ಕಿಂತ ಬಹಳ ಹಿಂದಿನದು. ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ನಮ್ಮ ಜಿಲ್ಲೆಯ ಒಂದು ನರ್ಸಿಂಗ್ ಹೋಂನಲ್ಲಿ ರಕ್ತ ತೆಗೆದು ಸೂಜಿಗೆ ಮತ್ತೆ ಕ್ಯಾಪ್ ಹಾಕಲು ಹೋಗಿ ಎಡಗೈ ಹೆಬ್ಬೆರಳಿಗೆ ಚುಚ್ಚಿಕೊಂಡೆ. ಆಗ ಎಲ್ಲರೂ ಹಾಗೇ ಕ್ಯಾಪ್ ಹಾಕುತ್ತಿದ್ದೆವು. ಹಾಕಬಾರದು ಅಂತ ಯಾರೂ ಹೇಳಿರಲಿಲ್ಲ. ಓಡಿ ಹೋಗಿ ಅಲ್ಲಿನ ಹಿರಿಯ ಸಿಸ್ಟರಿಗೆ ಹೇಳಿದೆ. ಅವರು ವಾರ್ಡಿನ ನಡುವೆ, ರೋಗಿಗಳ ಎದುರಿಗೇ, "ಕಣ್ಣು ಎಲ್ಲಿಟ್ಟಿದ್ದೆ?" ಅಂದರು. ಆಮೇಲೆ ಬೆರಳು ಹಿಂಡಿ ರಕ್ತ ಬರಿಸಿ ಸ್ಪಿರಿಟ್ ಸುರಿದರು. ಅವರಿಗೂ ಪ್ರೀತಿ ಇರಲಿಲ್ಲ ಅಂತಲ್ಲ. ಅವರಿಗೂ ಯಾರೂ ಕಲಿಸಿರಲಿಲ್ಲ. ಆದರೆ ಅವತ್ತಿನಿಂದ ನಾನು ಒಂದು ಪಾಠ ಕಲಿತೆ. ಚುಚ್ಚಿದರೆ ಹೇಳಬಾರದು. ಈ ಪಾಠ ನಾನು ಹದಿನೈದು ವರ್ಷ ಮರೆಯಲಿಲ್ಲ. ನನ್ನ ಜೂನಿಯರ್‌ಗಳಿಗೂ ಅದನ್ನೇ ಕಲಿಸಿದ್ದೇನೆ ಅನ್ನಿಸುತ್ತದೆ, ಬಾಯಲ್ಲಿ ಹೇಳದೇನೇ.

ಹಿಂಡಬಾರದು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇವತ್ತಿಗೂ ಎಲ್ಲರೂ ಮಾಡುವುದು ಅದನ್ನೇ. ಚುಚ್ಚಿದ ಕೂಡಲೇ ಗ್ಲೌಸ್ ತೆಗೆದು ಹರಿಯುವ ನಲ್ಲಿ ನೀರಿಗೆ ಕೈ ಹಿಡಿದು ಸೋಪು ಹಾಕಿ ತೊಳೆಯಿರಿ. ಹಿಂಡಬೇಡಿ, ಉಜ್ಜಬೇಡಿ, ಬೆರಳು ಬಾಯಿಗೆ ಇಡಬೇಡಿ. ಸ್ಪಿರಿಟ್ ಬೇಡ, ಬ್ಲೀಚ್ ಬೇಡ, ಸುಣ್ಣ ಅರಿಶಿನವೂ ಬೇಡ. ಕಣ್ಣಿಗೆ ರಕ್ತ ಸಿಡಿದರೆ ಕಣ್ಣು ತೆರೆದು ತುಂಬಾ ನೀರು ಹಾಕಿ. ಲೆನ್ಸ್ ಇದ್ದರೆ ಅದರ ಮೇಲೆಯೇ ಮೊದಲು ನೀರು ಹಾಕಿ, ಆಮೇಲೆ ತೆಗೆದು ಮತ್ತೆ ತೊಳೆಯಿರಿ. ಆಮೇಲೆ ಯಾರಿಗಾದರೂ ಹೇಳಿ. ಆ ಹೊತ್ತಿಗೇ ಹೇಳಿ. ಯಾವ ರೋಗಿಯ ಸೂಜಿ ಅಂತ ಗೊತ್ತಿದ್ದರೆ ಅವರ ಒಪ್ಪಿಗೆ ಪಡೆದು ಪರೀಕ್ಷೆ ಮಾಡಬಹುದು. ಆದರೆ ಆ ರಿಪೋರ್ಟ್ ಬರಲಿ ಅಂತ ಮೊದಲ ಮಾತ್ರೆ ತಡ ಮಾಡುವುದು ಬೇಡ. ರೋಗಿಗೆ ಸೋಂಕು ಇಲ್ಲ ಅಂತ ಗೊತ್ತಾದರೆ ಆಮೇಲೆ ನಿಲ್ಲಿಸಬಹುದು.

ಕಾನೂನು ನಮ್ಮ ಕಡೆ ಇದೆ. ಇದು ನನಗೆ ಗೊತ್ತಾಗಿದ್ದು ಅಕ್ಕನ ವಿಷಯ ಆದಮೇಲೆ, ರಾತ್ರಿ ಡ್ಯೂಟಿಯಲ್ಲಿ ಕೂತು ಓದಿದಾಗ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಆಸ್ಪತ್ರೆ ಆಗಲಿ, ರಕ್ತ ತಾಗುವ ಅಪಾಯ ಇರುವ ಬೇರೆ ಯಾವುದೇ ಕೆಲಸದ ಜಾಗ ಆಗಲಿ, ಅಲ್ಲಿ ಕೆಲಸ ಮಾಡುವ ಎಲ್ಲರಿಗೂ ಗ್ಲೌಸ್‌ನಂಥ ರಕ್ಷಣೆ, ತರಬೇತಿ, ಅಪಾಯ ಆದಾಗ ಪೆಪ್ ಮಾತ್ರೆ ಕೊಡಬೇಕು ಅಂತ ಅದು ಹೇಳುತ್ತದೆ. 'ಎಲ್ಲರಿಗೂ' ಅಂದರೆ ಪರ್ಮನೆಂಟ್ ಆದವರಿಗೆ ಮಾತ್ರ ಅಂತ ಎಲ್ಲೂ ಇಲ್ಲ. 2016ರ ವೈದ್ಯಕೀಯ ತ್ಯಾಜ್ಯ ನಿಯಮ ಇನ್ನೂ ಬಿಡಿಸಿ ಹೇಳುತ್ತದೆ. ಕಸ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು. ಕೆಲಸಕ್ಕೆ ಸೇರುವಾಗ ಮತ್ತು ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ, ಹಾಗೇ ತರಬೇತಿ. ಇದು ಆಸ್ಪತ್ರೆ ನಡೆಸುವವರ ಜವಾಬ್ದಾರಿ.

ಆದರೆ ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. 'ದೊಡ್ಡ ಅಪಘಾತ' ಆದರೆ 24 ಗಂಟೆಯೊಳಗೆ ಬರೆದು ತಿಳಿಸಬೇಕು. ಕಸದ ಲಾರಿ ಮಗುಚಿದರೆ, ಕಸ ಕೆರೆಗೆ ಬಿದ್ದರೆ ದೊಡ್ಡ ಅಪಘಾತ. ಸೂಜಿ ಚುಚ್ಚಿದ್ದು ದೊಡ್ಡ ಅಪಘಾತದ ಲೆಕ್ಕಕ್ಕೆ ಇಲ್ಲ ಅಂತ ಅಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ. ಅದು ವರ್ಷದ ವರದಿಗೆ ಹೋದರೆ ಸಾಕು. ಅಂದರೆ ಜುಲೈನಲ್ಲಿ ಒಬ್ಬರಿಗೆ ಚುಚ್ಚಿದರೆ ಸರ್ಕಾರಕ್ಕೆ ಗೊತ್ತಾಗುವುದು ಮುಂದಿನ ಜೂನ್‌ಗೆ. ಮಾತ್ರೆಗೆ ಇರುವ ಹೊತ್ತು ಮೂರು ದಿನ, ಕಾಗದಕ್ಕೆ ಹೆಚ್ಚುಕಡಿಮೆ ಒಂದು ವರ್ಷ. ಈ ಅಂತರವನ್ನು ಆಸ್ಪತ್ರೆ ಒಳಗೇ ತುಂಬಬೇಕು. ತುಂಬಬೇಕಾದ ಜಾಗದಲ್ಲಿ ನನ್ನ ಖಾಲಿ ರಿಜಿಸ್ಟರ್ ಕೂತಿತ್ತು.

ಬರೆದಿಡುವುದರಿಂದ ಇನ್ನೊಂದು ಉಪಕಾರ ಇದೆ, ಇದು ನಮ್ಮ ಸಿಸ್ಟರ್‌ಗಳಿಗೂ ಜಾಸ್ತಿ ಗೊತ್ತಿಲ್ಲ. ಆಸ್ಪತ್ರೆ ಮತ್ತು ಲ್ಯಾಬ್ ಕೆಲಸದಿಂದ ಬರುವ ಸೋಂಕು, ಕಾರ್ಮಿಕರ ಪರಿಹಾರದ ಕಾನೂನಿನಲ್ಲಿ ಕೆಲಸದಿಂದ ಬಂದ ಕಾಯಿಲೆಗಳ ಪಟ್ಟಿಯಲ್ಲೇ ಇದೆ. ಆದರೆ ಚುಚ್ಚಿದ ದಿನದ ದಾಖಲೆ, ಅವತ್ತಿನ ನೆಗೆಟಿವ್ ರಿಪೋರ್ಟ್ ಎರಡೂ ಇಲ್ಲದಿದ್ದರೆ, ಆರು ತಿಂಗಳ ಮೇಲೆ ಪಾಸಿಟಿವ್ ಬಂದಾಗ ನಿಮ್ಮ ಮಾತನ್ನು ಯಾರು ನಂಬುತ್ತಾರೆ? ಎಲ್ಲಿಂದ ತಂದೆ ಅಂತ ಕೇಳುವವರೇ ಜಾಸ್ತಿ. ಹೆಣ್ಣುಮಕ್ಕಳಿಗಂತೂ ಆ ಪ್ರಶ್ನೆಯನ್ನು ಯಾವ ದನಿಯಲ್ಲಿ ಕೇಳುತ್ತಾರೆ ಅಂತ ನಿಮಗೆ ಗೊತ್ತು.

ಅಮೆರಿಕದ ಒಬ್ಬ ನರ್ಸ್ ವಿಷಯ ಹೇಳುತ್ತೇನೆ. ಕ್ಯಾರನ್ ಡೇಲಿ. ಬಾಸ್ಟನ್‌ನ ಒಂದು ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದವರು. 1998ರಲ್ಲಿ ರಕ್ತ ತೆಗೆದ ಸೂಜಿಯನ್ನು ಸರಿಯಾಗಿಯೇ ಡಬ್ಬಕ್ಕೆ ಹಾಕಲು ಕೈ ಚಾಚಿದರು. ಒಳಗಿದ್ದ ಬೇರೆ ಯಾರದೋ ಸೂಜಿ ಚುಚ್ಚಿತು. ಎಚ್‌ಐವಿ, ಹೆಪಟೈಟಿಸ್ ಸಿ ಎರಡೂ ಬಂತು. ಅವರು ಮುಚ್ಚಿಡಲಿಲ್ಲ. ಅಲ್ಲಿನ ಸಂಸತ್ತಿನ ಮುಂದೆ ಹೋಗಿ ಹೇಳಿದರು. ಅಲ್ಲಿ ಇದಕ್ಕೊಂದು ನಿಯಮ 1991ರಲ್ಲೇ ಬಂದಿತ್ತು. ಡೇಲಿಯಂಥವರ ಮಾತಿನಿಂದ 2000ದ ನವೆಂಬರಿನಲ್ಲಿ ಸೂಜಿ ಗಾಯದ್ದೇ ಕಾನೂನು ಬಂತು. ಅದರಲ್ಲಿ ನನಗೆ ಹಿಡಿಸಿದ್ದು ಎರಡು. ಯಾವ ಸೂಜಿ, ಯಾವ ಡಬ್ಬ ಕೊಳ್ಳಬೇಕು ಅಂತ ತೀರ್ಮಾನಿಸುವಾಗ ಅದನ್ನು ದಿನಾ ಹಿಡಿಯುವ ಕೈಗಳನ್ನು ಕೇಳಬೇಕು. ಮತ್ತೆ, ಪ್ರತಿ ಗಾಯವನ್ನೂ ಪುಸ್ತಕದಲ್ಲಿ ಬರೆಯಬೇಕು. ಯಾವ ಬಗೆಯ ಸೂಜಿ, ಯಾವ ಜಾಗದಲ್ಲಿ, ಹೇಗಾಯಿತು ಅಂತ. ಗಾಯ ಆದವರ ಗುಟ್ಟು ಹೊರಬೀಳದ ಹಾಗೆ. ಅಲ್ಲಿ ಆ ಪುಸ್ತಕ ಇರುವುದು ಡಬ್ಬವನ್ನು ಎಲ್ಲಿಗೆ ಸರಿಸಬೇಕು ಅಂತ ತಿಳಿಯುವುದಕ್ಕೆ.

ಜಿಲ್ಲಾಧಿಕಾರಿಗಳೇ, ಈಗ ನಿಮ್ಮಲ್ಲಿಗೆ ಬರುತ್ತೇನೆ. ವೈದ್ಯಕೀಯ ತ್ಯಾಜ್ಯದ ಜಿಲ್ಲಾ ಉಸ್ತುವಾರಿ ಸಮಿತಿಗೆ ನೀವೇ ಅಧ್ಯಕ್ಷರು. ಖಾಸಗಿ ಆಸ್ಪತ್ರೆಗಳ ನೋಂದಣಿ ಪ್ರಾಧಿಕಾರಕ್ಕೂ ನೀವೇ ಅಧ್ಯಕ್ಷರು. ಎರಡಕ್ಕೂ ಸದಸ್ಯ ಕಾರ್ಯದರ್ಶಿ ಆರೋಗ್ಯಾಧಿಕಾರಿಗಳು. ಅಂದರೆ ನಾನು ಕೇಳುವುದು ನಿಮ್ಮಿಬ್ಬರ ಕೈಯಲ್ಲೇ ಇದೆ, ಬೆಂಗಳೂರಿಗೆ ಬರೆಯಬೇಕಾಗಿಲ್ಲ.

ಸಮಿತಿಯ ಮುಂದೆ ಸೊನ್ನೆ ಬಂದರೆ ದಯವಿಟ್ಟು ಖುಷಿ ಪಡಬೇಡಿ. ಐವತ್ತು ಬೆಡ್ಡಿನ ಆಸ್ಪತ್ರೆ, ವರ್ಷಪೂರ್ತಿ ಸಾವಿರಾರು ಇಂಜೆಕ್ಷನ್, ಹೆರಿಗೆ, ಆಪರೇಷನ್, ಒಂದು ಸೂಜಿಯೂ ಯಾರಿಗೂ ಚುಚ್ಚಲಿಲ್ಲ ಅಂದರೆ ನಾನು ನಂಬುವುದಿಲ್ಲ. ಅಲ್ಲಿ ಜನ ಹೆದರಿದ್ದಾರೆ. ಅಂಥ ಆಸ್ಪತ್ರೆಗೆ ಮೊದಲು ಹೋಗಿ. ಕ್ಯಾಬಿನ್‌ನಲ್ಲಿ ಕೂತು ಫೈಲ್ ನೋಡಬೇಡಿ. ಕಸದ ಕೋಣೆಯ ಹತ್ತಿರ ನಿಂತು ಅಲ್ಲಿ ಕೆಲಸ ಮಾಡುವವರನ್ನು, ಮೇಲಿನವರನ್ನು ಆಚೆ ಕಳಿಸಿ, "ಚುಚ್ಚಿದರೆ ಏನು ಮಾಡ್ತೀಯಮ್ಮ, ಯಾರಿಗೆ ಹೇಳ್ತೀಯಾ?" ಅಂತ ಕೇಳಿ. ಉತ್ತರ ಅಲ್ಲೇ ಸಿಗುತ್ತದೆ. ಎಷ್ಟು ಜನಕ್ಕೆ ಚುಚ್ಚಿತು ಅನ್ನುವುದರ ಜೊತೆಗೆ, ಚುಚ್ಚಿದ ಎಷ್ಟು ಹೊತ್ತಿಗೆ ಮೊದಲ ಮಾತ್ರೆ ಸಿಕ್ಕಿತು ಅಂತಲೂ ವರದಿ ಕೇಳಿ.

ನೋಂದಣಿ ನವೀಕರಣಕ್ಕೆ ಬರುವ ಪ್ರತಿ ಆಸ್ಪತ್ರೆ, ಲ್ಯಾಬಿನವರ ಹತ್ತಿರ ಲಸಿಕೆಯ ಪಟ್ಟಿ ಕೇಳಿ. ಡಾಕ್ಟರ್, ನರ್ಸ್‌ಗಳದ್ದು ಇರುತ್ತದೆ. ಕಂಟ್ರಾಕ್ಟ್ ಆಯಾಗಳದ್ದು, ಕಸ ಎತ್ತುವವರದ್ದು, ಲಾಂಡ್ರಿಯವರದ್ದು ಕೇಳಿ. ಮೂರು ಡೋಸಿನ ತಾರೀಕು ಸಮೇತ. ಹಾಗೆಯೇ ಕಂಟ್ರಾಕ್ಟ್ ಕರಾರಿನಲ್ಲಿ ಒಂದು ಸಾಲು ಬರಲಿ. ಚುಚ್ಚಿದರೆ ಖರ್ಚು ಆಸ್ಪತ್ರೆಯೇ ಮೊದಲು ಹಾಕುತ್ತದೆ, ಆಮೇಲೆ ಯಾರಿಂದ ವಸೂಲಿ ಮಾಡುತ್ತಾರೋ ಮಾಡಿಕೊಳ್ಳಲಿ. ಅಕ್ಕನ ಎರಡು ದಿನ ಈ ಒಂದು ಸಾಲು ಇಲ್ಲದೆ ಹೋಯಿತು.

ಮೂರನೆಯದು ದೂರದ್ದು. ಪೆಪ್ 24 ಗಂಟೆಯೂ ಸಿಗುವ ಹಾಗಿರಬೇಕು ಅಂತ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಎಚ್‌ಐವಿ ಮಾತ್ರೆ ಕೊಡುವ ಎಆರ್‌ಟಿ ಸೆಂಟರ್ ಹಗಲು ಹೊತ್ತು ನಡೆಯುತ್ತದೆ. ಕೆ.ಆರ್. ಪೇಟೆಯಲ್ಲೋ ಮಳವಳ್ಳಿಯಲ್ಲೋ ಸಣ್ಣ ನರ್ಸಿಂಗ್ ಹೋಂನ ಹುಡುಗಿಗೆ ರಾತ್ರಿ ಹನ್ನೊಂದಕ್ಕೆ ಚುಚ್ಚಿದರೆ ಎರಡು ಗಂಟೆಯೊಳಗೆ ಅವಳು ಎಲ್ಲಿಗೆ ಹೋಗಬೇಕು? ಆ ಹೊತ್ತಿಗೆ ಬಸ್ಸೂ ಇಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯ ಕ್ಯಾಶುಯಾಲ್ಟಿಯಲ್ಲಿ ಮೊದಲ ಕೆಲವು ದಿನದ ಮಾತ್ರೆ ಇಟ್ಟಿರಿ. ನೀನು ಖಾಸಗಿಯವಳು ಅಂತ ವಾಪಸ್ ಕಳಿಸಬಾರದು ಅಂತ ಒಂದು ಸುತ್ತೋಲೆ ಹೊರಡಿಸಿ. ಯಾರನ್ನು ಕೇಳಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು ಅನ್ನುವುದನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಪ್ರತಿ ಬಿಳಿ ಡಬ್ಬದ ಮೇಲೆ ಅಂಟಿಸಲು ಹೇಳಿ. ಓದಲು ಬಾರದವರಿಗೆ ಚಿತ್ರ ಇರಲಿ. ಏಡ್ಸ್ ಸಹಾಯವಾಣಿ 1097 ಪುಕ್ಕಟೆ ನಂಬರ್, ಅದನ್ನೂ ಹಾಕಿಸಿ.

ಆಸ್ಪತ್ರೆ ನಡೆಸುವ ಡಾಕ್ಟರುಗಳಿಗೆ ನನ್ನ ಮಾತು ಚಿಕ್ಕದು. ಬೈಯಬೇಡಿ. ಚುಚ್ಚಿಸಿಕೊಂಡು ಬಂದವರನ್ನು ಆ ಮೊದಲ ಒಂದು ಗಂಟೆ ಯಾರೂ ಏನೂ ಅನ್ನಬಾರದು ಅಂತ ನಿಮ್ಮ ಆಸ್ಪತ್ರೆಯಲ್ಲಿ ನೀವೇ ಎಲ್ಲರ ಎದುರು ಹೇಳಿ. ಡಬ್ಬ ಮುಕ್ಕಾಲು ತುಂಬಿದ ಕೂಡಲೇ ಬದಲಾಯಿಸಲು ದುಡ್ಡಿಗೆ ನೋಡಬೇಡಿ. ಡಬ್ಬ ಬೆಡ್ಡಿನ ಹತ್ತಿರ ಇರಲಿ, ಟ್ರಾಲಿಯಲ್ಲೇ ಇರಲಿ. ನಮ್ಮಲ್ಲಿ ಅಕ್ಕನ ವಿಷಯ ಆದಮೇಲೆ ಕಾರಿಡಾರಿನ ಡಬ್ಬ ತೆಗೆದು ಪ್ರತಿ ಟ್ರಾಲಿಗೆ ಒಂದೊಂದು ಸಣ್ಣ ಡಬ್ಬ ಕಟ್ಟಿದೆವು. ದೊಡ್ಡ ಖರ್ಚೇನೂ ಆಗಲಿಲ್ಲ.

ಊರಿನವರಿಗೂ ಒಂದು ಮಾತು ಇದೆ. ಈಗ ಸಕ್ಕರೆ ಕಾಯಿಲೆ ಇಲ್ಲದ ಮನೆ ಕಡಿಮೆ. ಇನ್ಸುಲಿನ್ ಸೂಜಿ, ಬೆರಳಿಗೆ ಚುಚ್ಚುವ ಲ್ಯಾನ್ಸೆಟ್ ಮನೆಯಲ್ಲೇ ಇರುತ್ತದೆ. ಅದನ್ನು ಸುಮ್ನೆ ತರಕಾರಿ ಸಿಪ್ಪೆ ಜೊತೆ ಕಸದ ಗಾಡಿಗೆ ಹಾಕುತ್ತೇವೆ. ಬೆಳಗ್ಗೆ ಅದನ್ನು ಬರಿಗೈಲಿ ಬೇರ್ಪಡಿಸುವುದು ಪೌರಕಾರ್ಮಿಕರು. ಅವರಿಗೆ ನಮ್ಮ ಆಸ್ಪತ್ರೆಯ ಬಿಳಿ ಡಬ್ಬವೂ ಇಲ್ಲ, ನನ್ನಂಥ ರಿಜಿಸ್ಟರ್ ಬರೆಯುವವರೂ ಇಲ್ಲ. ಫಿನಾಯಿಲ್ ಡಬ್ಬಿಯಂಥ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೂಜಿ ಕೂಡಿಸಿ, ಮುಚ್ಚಳ ಬಿಗಿ ಮಾಡಿ, ಟೇಪ್ ಸುತ್ತಿ, 'ಸೂಜಿ ಇದೆ' ಅಂತ ಬರೆದು ಬೇರೆಯಾಗಿ ಕೊಡಿ. ಗಾಡಿಯವರ ಕೈಗೆ ಕೊಡುವಾಗ ಬಾಯಲ್ಲೂ ಹೇಳಿ. ನಗರಸಭೆ, ಪುರಸಭೆಯವರು ತಮ್ಮ ಪೌರಕಾರ್ಮಿಕರಿಗೆ ಮೂರು ಡೋಸ್ ಹಾಕಿಸಿದ್ದಾರಾ ಅಂತ, ಜಿಲ್ಲಾಧಿಕಾರಿಗಳೇ, ಅದನ್ನೂ ಒಂದು ಸಲ ಕೇಳಿ ನೋಡಿ.

ನಮ್ಮ ಸಿಸ್ಟರ್‌ಗಳೇ, ಲ್ಯಾಬಿನ ಹುಡುಗ ಹುಡುಗಿಯರೇ, ಆಯಾ ಅಕ್ಕಂದಿರೇ, ಅಣ್ಣಂದಿರೇ. ಚುಚ್ಚಿದ್ದು ನಿಮ್ಮ ತಪ್ಪಲ್ಲ. ನಿಮ್ಮದೇ ಕೈ ಜಾರಿ ಚುಚ್ಚಿದ್ದರೂ, ಆಮೇಲಿನ ಎರಡು ಗಂಟೆ ಅದನ್ನು ಲೆಕ್ಕ ಹಾಕುವ ಹೊತ್ತಲ್ಲ. ಹೆಪಟೈಟಿಸ್ ಸಿಗೆ ಮುಂಚಿತವಾಗಿ ಕೊಡುವ ಮದ್ದು ಇಲ್ಲ, ಆದರೆ ಬಂದರೆ ಹೆಚ್ಚಿನವರಿಗೆ 12 ವಾರದ ಮಾತ್ರೆಯಲ್ಲಿ ವಾಸಿ ಆಗುತ್ತದೆ. 2018ರಲ್ಲಿ ಶುರುವಾದ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಅದೂ ಪುಕ್ಕಟೆ. ಅದಕ್ಕೂ ಬೇಗ ಗೊತ್ತಾಗಬೇಕು, ಅಂದರೆ ಪರೀಕ್ಷೆ ತಪ್ಪಿಸಬಾರದು. ಇಪ್ಪತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಎಚ್‌ಐವಿ ಕಾಯ್ದೆ ಪ್ರಕಾರ ದೂರು ತಗೊಳ್ಳುವ ಒಬ್ಬ ಅಧಿಕಾರಿ ಇರಲೇಬೇಕು. ನಿಮ್ಮಲ್ಲಿ ಅದು ಯಾರು ಅಂತ ನಾಳೆ ಹೋಗಿ ಕೇಳಿ.

ಕಳೆದ ವರ್ಷದ ವರದಿ ಈ ಸಲ ನಾನೇ ತುಂಬಿದೆ. ಆ ಕಾಲಂನಲ್ಲಿ ಸೊನ್ನೆ ಬರೆಯಲಿಲ್ಲ. ಮೂರು ಅಂತ ಬರೆದಿದ್ದೇನೆ. ಒಬ್ಬರು ಅಕ್ಕ, ಇನ್ನೊಬ್ಬಳು ಲೇಬರ್ ರೂಂನ ಸಿಸ್ಟರ್, ಮತ್ತೊಬ್ಬ ಲ್ಯಾಬಿನ ಹುಡುಗ. ಕೊನೆಯ ಇಬ್ಬರೂ ಒಂದು ಗಂಟೆಯೊಳಗೆ ಬಂದು ಹೇಳಿದರು. ನಮ್ಮ ಆಫೀಸಿನವರು ಆ ಮೂರನ್ನು ನೋಡಿ ಹೆದರಿದರು, ಇದು ಬೇಕಾ ಅಂದರು, ಆದರೂ ಕೊನೆಗೆ ಸಹಿ ಮಾಡಿದರು. ಆ ಕಾಗದ ನಿಮ್ಮ ಸಮಿತಿಯ ಮುಂದೆ ಬಂದಾಗ, ಮೂರು ಯಾಕೆ ಆಯಿತು ಅಂತ ನೋಟಿಸ್ ಕಳಿಸಬೇಡಿ. ಫೋನ್ ಮಾಡಿ. ಮೂರೂ ಜನ ಹೇಗಿದ್ದಾರೆ ಅಂತ ಕೇಳಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಸ್ಟಾಫ್ ನರ್ಸ್
ಮಂಡ್ಯ